ಮನೆಗಾಡಿಯಲ್ಲಿ ಕೊಲ್ಲೂರು

ಸಾಗರದವರಾದ ನಮಗೆ ಕೊಲ್ಲೂರು ದೂರದ ಊರೇನಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಪೂಜೆಗೆ ಅಲ್ಲಿರಬಹುದು. ಆದರೂ ನಮ್ಮ ಯಜಮಾನರು ಐದು ವರ್ಷ ಅತ್ತ ಕಾಲಿಟ್ಟಿರಲಿಲ್ಲ. ಕೇಳಿದವರಿಗೆಲ್ಲ ಮಂಡಿನೋವು ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆ. ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಅವರಿಗೆ ಮುಕ್ಕಾಲು ಗಂಟೆಗೊಮ್ಮೆ ಬಚ್ಚಲು ಬೇಕು. ಘಾಟಿಯಲ್ಲಿ ಬಸ್ಸು ನಿಲ್ಲಿಸಿ ಎಂದು ಕಂಡಕ್ಟರನ್ನು ಕೇಳುವುದು ಮೂವತ್ತೈದು ವರ್ಷ ಮೇಷ್ಟ್ರಾಗಿದ್ದ ಮನುಷ್ಯನಿಗೆ ಆಗದ ಮಾತು. (ಇದನ್ನು ಬರೆಯಲೇ ಎಂದು ಕೇಳಿದೆ. "ಬರಿ, ನನ್ನಂಥವರು ಇನ್ನೂ ಎಷ್ಟು ಜನ ಇದ್ದಾರೋ" ಎಂದರು.)

ಆದರೆ ಅವರ ಮನಸ್ಸಿನಲ್ಲಿ ಒಂದು ಹರಕೆಯಿತ್ತು. ಮೊಮ್ಮಗನಿಗೆ ನಾಲ್ಕು ತುಂಬಿದ ವರ್ಷ, ವಿಜಯದಶಮಿಯ ದಿನ, ಮೂಕಾಂಬಿಕೆಯ ಸನ್ನಿಧಿಯಲ್ಲಿ ತಾವೇ ಅವನ ಕೈ ಹಿಡಿದು ಮೊದಲ ಅಕ್ಷರ ಬರೆಸಬೇಕು ಎಂದು. ಆ ವರ್ಷ ಬಂದೇಬಿಟ್ಟಿತ್ತು, 2025.

ದಾರಿ ತೋರಿಸಿದ್ದು ನನ್ನ ತಮ್ಮ. ಮೊದಲು ಲಾರಿ, ಆಮೇಲೆ ಮದುವೆ ದಿಬ್ಬಣಗಳಿಗೆ ಟೆಂಪೊ ಟ್ರಾವೆಲರ್ ಓಡಿಸಿದವನು. ವಯಸ್ಸಾದ ಮೇಲೆ ಆ ಗಾಡಿಯನ್ನು ಮಾರಲು ಮನಸ್ಸಾಗದೆ ಸೀಟು ಕಿತ್ತು, ಮಂಚ ಹಾಕಿಸಿ, ಮೂಲೆಯಲ್ಲಿ ಪುಟ್ಟ ಬಚ್ಚಲು ಕಟ್ಟಿಸಿದ್ದ. ಹೀಗೆ ಗಾಡಿಯ ಒಳಗನ್ನು ಬದಲಾಯಿಸುವುದಕ್ಕೆ ಆರ್‌ಟಿಒ ಕಚೇರಿಯ ಒಪ್ಪಿಗೆ ಬೇಕು. ಅದಕ್ಕೇ ಅವನಿಗೆ ಮರಗೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು. ಅಮೆರಿಕದಲ್ಲಿ ಇಂಥದಕ್ಕೆ ಆರ್‌ವಿ ಅನ್ನುತ್ತಾರಂತೆ. ಪೇಪರಿನವರು ಕ್ಯಾರವಾನ್ ಎನ್ನುತ್ತಾರೆ. ನಮ್ಮ ಮೊಮ್ಮಗಳು, ಆರನೇ ಕ್ಲಾಸು, ಇಟ್ಟ ಹೆಸರು ಮನೆಗಾಡಿ.

"ಭಾವ, ವಿಜಯದಶಮಿಗೆ ಒಮ್ಮೆಲೇ ಹೊರಡುವುದು ಬೇಡ. ಒಂದೊಂದು ಕಾಲದಲ್ಲಿ ಒಂದೊಂದು ಸಲ ಹೋಗಿ ಬರೋಣ. ನಿಮಗೂ ರೂಢಿಯಾಗುತ್ತದೆ, ಗಾಡಿಗೂ ರೂಢಿಯಾಗುತ್ತದೆ" ಎಂದ ತಮ್ಮ. ಹಾಗೆ ಫೆಬ್ರವರಿಯಲ್ಲಿ ಮೊದಲ ಪ್ರಯಾಣ. ಇವರು, ನಾನು, ತಮ್ಮ, ಮೊಮ್ಮಗಳು, ಮೊಮ್ಮಗ. ಒಟ್ಟು ಐದು ಜನ.

ಆಗಿನ್ನೂ ಸಿಗಂದೂರಿನ ಸೇತುವೆ ಮುಗಿದಿರಲಿಲ್ಲ. ಅಂಬಾರಗೋಡ್ಲಿನ ದಡದಲ್ಲಿ ಸಾಲಿನಲ್ಲಿ ನಿಂತು, ಲಾಂಚು ಬಂದಾಗ ಗಾಡಿಯನ್ನು ಹಿಮ್ಮುಖವಾಗಿ ಹತ್ತಿಸಿ, ಹಿನ್ನೀರು ದಾಟಿ ಕಳಸವಳ್ಳಿಯಲ್ಲಿ ಇಳಿದೆವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ನೀರು ಹಿಂದೆ ಸರಿದು ಎಷ್ಟೋ ಊರುಗಳನ್ನು ಮುಳುಗಿಸಿತು. ಮುಳುಗದೆ ಉಳಿದ ಆಚೆ ದಡದ ಊರುಗಳಿಗೆ ಸಾಗರದ ದಾರಿ ಇಲ್ಲದಂತಾಯಿತು. ನನ್ನ ತವರು ತುಮರಿಯ ಆಚೆ. ಮೊಮ್ಮಗಳು, "ಅಜ್ಜಿ, ಗಾಡಿಯಲ್ಲಿ ಮಲಗುವುದು ನಿನಗೆ ಇದೇ ಮೊದಲಾ?" ಎಂದು ಕೇಳಿದಳು. ಅಲ್ಲ ಮಗೂ. 1984ರಲ್ಲಿ ಬಾಣಂತನ ಮುಗಿಸಿ ತವರಿನಲ್ಲಿದ್ದಾಗ ನಿಮ್ಮಪ್ಪನಿಗೆ ಜ್ವರ ಏರಿ ಕಣ್ಣು ಮೇಲೆ ಮಾಡಿದ. ಜೀಪು ಹಿಡಿದು ದಡಕ್ಕೆ ಬರುವಷ್ಟರಲ್ಲಿ ಸಂಜೆಯ ಕೊನೆಯ ಲಾಂಚು ಹೋಗಿತ್ತು. ಇಡೀ ರಾತ್ರಿ ಆ ಜೀಪಿನಲ್ಲಿ ಕೂತು ಒದ್ದೆ ಬಟ್ಟೆ ಹಣೆಗೆ ಒತ್ತುತ್ತಾ, ಎದುರು ದಡದ ದೀಪ ನೋಡುತ್ತಾ ಬೆಳಗು ಮಾಡಿದೆ. ಬದುಕಿಕೊಂಡ. ಈಗ ಅಂಗಡಿಯಲ್ಲಿ ಕೂತು ನಮಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾನೆ.

ತುಮರಿ ದಾಟಿ, ಕಾಡಿನ ದಾರಿಯಲ್ಲಿ ಸಾಗಿ, ನಾಗೋಡಿ ಘಾಟಿ ಇಳಿದರೆ ಕೊಲ್ಲೂರು. ಘಾಟಿಯಲ್ಲಿ ತಮ್ಮ ಒಮ್ಮೆಯೂ ಜೋರಾಗಿ ಬ್ರೇಕ್ ಒತ್ತಲಿಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎನ್ನುವುದು ಹಳೆಯ ಲಾರಿ ಡ್ರೈವರುಗಳ ಮಾತು. ಸಣ್ಣ ಗೇರಿನಲ್ಲಿ ಇಂಜಿನ್ನೇ ಚಕ್ರವನ್ನು ಹಿಡಿದು ಇಳಿಸುತ್ತದೆ. ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದು ಕಾದು, ಬೇಕಾದಾಗ ಹಿಡಿಯುವುದೇ ಇಲ್ಲ. ನೀರಿನ ತೊಟ್ಟಿಯಲ್ಲಿ 80 ಲೀಟರ್ ಎಂದರೆ 80 ಕಿಲೊ ತೂಕ ಹಿಂದಿನಿಂದ ನೂಕುತ್ತಿರುತ್ತದೆ.

ಫೆಬ್ರವರಿಯ ಕೊಲ್ಲೂರು ಸುಖದ ಊರು. ಬೆಳಗಿನ ಜಾವ ತೆಳುವಾದ ಚಳಿ. ಸೌಪರ್ಣಿಕೆಯಲ್ಲಿ ಕಲ್ಲು ಕಾಣುವಷ್ಟು ತಿಳಿನೀರು. ಗರುಡನಿಗೆ ಸುಪರ್ಣ ಎಂದೂ ಹೆಸರು. ಅವನು ಇದರ ದಡದಲ್ಲಿ ತಪಸ್ಸು ಮಾಡಿದ್ದರಿಂದ ನದಿ ಸೌಪರ್ಣಿಕೆಯಾಯಿತು ಎಂದು ಕಥೆ. ಇದೇ ಹೊಳೆ ಮುಂದೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಬರುತ್ತದೆ. ಇನ್ನೊಂದು ಪಕ್ಕ ಕಡಲು. ಊರಿನ ಬೆನ್ನಿಗೆ ಕೊಡಚಾದ್ರಿ, 1,343 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ತಂಪು ಎಂದು ಮೊಮ್ಮಗಳು ಲೆಕ್ಕ ಹಾಕಿ, ತುದಿಯಲ್ಲಿ ಎಂಟು ಡಿಗ್ರಿಯಷ್ಟು ಕಡಿಮೆ ಇರಬೇಕು ಎಂದಳು. ನಮ್ಮ ಗಾಡಿ ಆ ದಾರಿ ಹತ್ತುವಂಥದ್ದಲ್ಲ. ಅದಕ್ಕೆ ಅಲ್ಲಿನ ಜೀಪುಗಳೇ ಆಗಬೇಕು. ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ. ಮೂವರೂ ಕೆಂಪು ಧೂಳಿನಲ್ಲಿ ಅದ್ದಿ ತೆಗೆದ ಹಾಗಿದ್ದರು.

ಗಾಡಿ ನಿಲ್ಲಿಸಿದ್ದು ಒಂದು ವಸತಿಗೃಹದ ಹಿತ್ತಿಲಲ್ಲಿ, ದಿನಕ್ಕೆ ಇಷ್ಟು ಎಂದು ಕೊಟ್ಟು. ಕಾಡಿನಲ್ಲಿ, ಹೊಳೆಯ ಪಕ್ಕದಲ್ಲಿ ನಿಲ್ಲಿಸೋಣ ಎಂದು ಮಕ್ಕಳ ಹಟ. ಹಾಗೆ ಮಾಡುವಂತಿಲ್ಲ. ಕೊಲ್ಲೂರಿನ ಸುತ್ತಲಿನದು 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಧಾಮ. ಅಲ್ಲಿ ಅನುಮತಿಯಿಲ್ಲದೆ ಬಿಡಾರ ಹೂಡುವುದು ಅಪರಾಧ. ಇನ್ನೊಂದು ವಿಷಯ. ನಗಬೇಡಿ ಮಕ್ಕಳೇ, ಗಾಡಿಯ ಬಚ್ಚಲಿನ ಕೆಳಗೆ ಒಂದು ಡಬ್ಬಿ ಇರುತ್ತದೆ. ಅದು ತುಂಬಿದಾಗ ಯಾರಾದರೂ ಹೊತ್ತುಕೊಂಡು ಹೋಗಿ ಸರಿಯಾದ ಪಾಯಿಖಾನೆಯಲ್ಲಿ ಸುರಿಯಬೇಕು. ತೋಡಿಗೆ ಸುರಿದರೆ ಅದು ಸೌಪರ್ಣಿಕೆಗೆ ಸೇರುತ್ತದೆ, ಜನ ಮುಳುಗು ಹಾಕುವ ನೀರಿಗೆ. ಆ ಕೆಲಸ ತಮ್ಮನೇ ಮಾಡಿದ. ಇವರಿಗೆ ಅದೇ ಸಂಕೋಚ. "ಭಾವ, ನನಗೆ ನೀವು ಅಆಇಈ ಹೇಳಿಕೊಟ್ಟಿದ್ದೀರಿ, ಇದೇನು ಮಹಾ" ಎಂದ ಅವನು.

ಆ ರಾತ್ರಿ ಪೂಜೆಯಾದ ಮೇಲೆ ದೇವಸ್ಥಾನದಲ್ಲಿ ಕೊಡುವ ಕಷಾಯ ಕುಡಿದು ಇವರು ಗಾಡಿಗೆ ನಡೆದು ಬಂದರು. ಐದು ವರ್ಷದ ಮೇಲೆ. ಮಲಗುವಾಗ ಏನೂ ಮಾತಾಡಲಿಲ್ಲ.

ಮೇ ತಿಂಗಳ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಲಾಂಚಿಗೆ ವಾಹನ ಹಾಕುವುದನ್ನು ನಿಲ್ಲಿಸುವುದಿತ್ತು. ಆ ರಗಳೆಯೇ ಬೇಡವೆಂದು ಹೊಸನಗರ, ನಗರ, ನಿಟ್ಟೂರಿನ ಮೇಲೆ ಸುತ್ತಿಕೊಂಡು ಹೋದೆವು. ತಗಡಿನ ಗಾಡಿ ಮಧ್ಯಾಹ್ನ ಹಪ್ಪಳ ಸುಡುವ ಬಾಣಲೆಯಾಗಿತ್ತು. ನೆರಳಿಗೆಂದು ಹಲಸಿನ ಮರದ ಕೆಳಗೆ ನಿಲ್ಲಿಸಿದರೆ ಸಂಜೆ ಒಂದು ಕಾಯಿ ದೊಪ್ಪೆಂದು ಬಿದ್ದು ಮಾಡಿನ ಸೋಲಾರ್ ಹಲಗೆಯ ಪಕ್ಕದಲ್ಲೇ ಕುಳಿ ಮಾಡಿತು. ಕೋತಿಯೊಂದು ಕಿಟಕಿಯಿಂದ ಕೈ ಹಾಕಿ ಬಾಳೆಹಣ್ಣಿನ ಚಿಪ್ಪನ್ನೇ ಒಯ್ದಿತು. ಮಕ್ಕಳಿಗೆ ಇಡೀ ವರ್ಷದಲ್ಲಿ ಇಷ್ಟವಾದ ಸಂಗತಿ ಅದೇ.

ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನದ ಜೊತೆಗೆ ಮೂರು ದಿನ ರಜೆ ಸಿಕ್ಕಿತು. ಮಳೆಗಾಲದಲ್ಲಿ ಹೋಗುವುದೇ ಎಂದು ಮಗ ಗೊಣಗಿದ. "ಸೇತುವೆ ಆಗಿದೆಯಲ್ಲ, ಇನ್ನೇನು" ಎಂದೆ ನಾನು. ಮೊಮ್ಮಗಳು ಗಡಿಯಾರ ಹಿಡಿದು ಕೂತಳು. ಸೇತುವೆ ದಾಟಲು ಮೂರು ನಿಮಿಷ ನಲವತ್ತು ಸೆಕೆಂಡು. ನಾನು ಒಂದು ರಾತ್ರಿ ಕಾದ ನೀರು ಅದು.

ಸೇತುವೆಯ ಆಚೆಗೆ ಘಾಟಿ ಇದೆ, ಘಾಟಿಯಲ್ಲಿ ಮಳೆ ಇದೆ ಎನ್ನುವುದನ್ನು ನಾನು ಮರೆತಿದ್ದೆ. ಕಡಲಿನಿಂದ ನೀರು ಹೊತ್ತು ಬರುವ ಗಾಳಿ ಈ ಗೋಡೆಯಂಥ ಬೆಟ್ಟಗಳಿಗೆ ತಾಗಿ ಮೇಲೇರುತ್ತದೆ, ಮೇಲೇರಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಹೊರೆ ಹೊರಲಾರದೆ ಇಲ್ಲೇ ಸುರಿದುಬಿಡುತ್ತದೆ. ಆಗುಂಬೆ, ಹುಲಿಕಲ್, ಕೊಲ್ಲೂರು ಎಲ್ಲ ಆ ಗೋಡೆಯ ಸಾಲಿನವೇ. ಮಳೆ ಬಲವಾದರೆ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಕೊಡಚಾದ್ರಿಯ ಜೀಪುಗಳೂ ನಿಲ್ಲುತ್ತವೆ. ಅಮೆರಿಕದ ಕೊಲೊರಾಡೊದಂಥ ಬೆಟ್ಟದ ಸೀಮೆಯಲ್ಲಿ ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಸುತ್ತಿಕೊಂಡು ಹೋಗಬೇಕೆಂಬ ನಿಯಮವಿದೆಯಂತೆ. ನಮ್ಮ ಮಳೆಗೆ ಅಂಥ ಸರಪಳಿ ಯಾವುದೂ ಇಲ್ಲ. ಕಾಯುವುದೊಂದೇ.

ಅದೇ ಹಿತ್ತಿಲು. ಆದರೆ ಫೆಬ್ರವರಿಯಲ್ಲಿ ಒಣಗಿದ ಗೆರೆಯಂತಿದ್ದ ಪಕ್ಕದ ತೋಡು ಈಗ ಕೆಂಪಗೆ ಓಡುತ್ತಿತ್ತು. ತಮ್ಮ ಗಾಡಿಯನ್ನು ತಿರುಗಿಸಿ ಮುಖ ರಸ್ತೆಯ ಕಡೆ ಮಾಡಿ ನಿಲ್ಲಿಸಿದ. ಎಲ್ಲಿ ನಿಲ್ಲಿಸಿದರೂ ಅವನದು ಹಾಗೆಯೇ. ಮಳೆಯಲ್ಲಿ ನೆನೆಯುತ್ತಾ ಅಷ್ಟು ಹಿಂದೆ ಮುಂದೆ ಮಾಡುವುದು ಯಾಕೆ ಎಂದು ನಾನೇ ರೇಗಿದೆ.

ಒಳಗೆ ಎಲ್ಲವೂ ಥಂಡಿ. ಹಾಸಿಗೆ, ಬಟ್ಟೆ, ಉಪ್ಪಿನ ಡಬ್ಬಿ. ಕೆಂಡ ತುಂಬಿದ ಅಗ್ಗಿಷ್ಟಿಕೆಯೊಂದನ್ನು ಒಳಗಿಟ್ಟು ಬಾಗಿಲು ಹಾಕಿದರೆ ಬೆಚ್ಚಗಾದೀತು ಎಂದು ನನಗೆ ಹೊಳೆಯಿತು. ಹೋಟೆಲಿನವರಿಂದ ಕೆಂಡ ತಂದೂ ಬಿಟ್ಟೆ. ತಮ್ಮ ಎಂದೂ ನನ್ನ ಮೇಲೆ ದನಿ ಏರಿಸಿದವನಲ್ಲ, ಅವತ್ತು ಏರಿಸಿದ. "ಅಕ್ಕಾ, ಹೊರಗೆ ಚೆಲ್ಲು ಮೊದಲು!" 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿದ್ದರು. ಜನರೇಟರಿನ ವಿಷಗಾಳಿ ಒಳಗೆ ತುಂಬಿತ್ತು. ಕೆಂಡದಿಂದಲೂ ಅದೇ ಗಾಳಿ ಬರುತ್ತದೆ, ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಕೆಂಡವನ್ನು ಮಳೆಗೆ ಚೆಲ್ಲಿದೆ. ಚುಂಯ್ ಎಂದಿತು. ಕೈ ನಡುಗುತ್ತಿತ್ತು. ಎರಡು ಮಕ್ಕಳು ಒಳಗೆ ಮಲಗುವ ಗಾಡಿ ಅದು.

ನಡುರಾತ್ರಿ ಎರಡೂವರೆಯ ಹೊತ್ತಿಗೆ ಯಾರೋ ಗಾಡಿಯ ಮೈಗೆ ಧಬಧಬ ಬಡಿದರು.

"ಹ್ವಾಯ್, ಏಳಿ ಕಾಂಬ! ತೋಡ್ ನೀರ್ ಒಳ್ಗ್ ಬತ್ತಾ ಇತ್ತ್. ಗಾಡಿ ಮೇಲ್ ತಕಣಿ!"

ಪಕ್ಕದ ಮನೆಯ ಜೀಪು ಡ್ರೈವರು. ಬ್ಯಾಟರಿ ಬಿಟ್ಟು ನೋಡಿದರೆ ಹಿತ್ತಿಲು ಕೆರೆಯಾಗಿದೆ, ನೀರು ಚಕ್ರದ ಅರ್ಧಕ್ಕೆ ಬಂದಿದೆ. ಇವರು ಎದ್ದು ಇಳಿಯಲು ಹೊರಟರು. "ಅಜ್ಜಯ್ಯನ್ ಇಳ್ಸುದ್ ಬ್ಯಾಡ, ಒಳ್ಗೇ ಕೂಕಣ್ಲಿ" ಎಂದು ಆತ ಕೂಗಿದ. ಸರಿಯೇ. ಹರಿಯುವ ನೀರು ಮೊಣಕಾಲಿಗೆ ಬಂದರೆ ಗಟ್ಟಿ ಆಳೇ ಜಾರುತ್ತಾನೆ, ಇವರ ಮಂಡಿ ಎಷ್ಟರದ್ದು. ಮೊಮ್ಮಗನನ್ನು ಎದೆಗೆ ಅವಚಿಕೊಂಡು ಕೂತೆ. ತಮ್ಮ ಕೀಲಿ ತಿರುಗಿಸಿದ. ಒಂದು ಸಲ ಕೆಮ್ಮಿತು. ಎರಡನೇ ಸಲಕ್ಕೆ ಇಂಜಿನ್ ಹಿಡಿಯಿತು. ಆದರೆ ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿತು. ಆತ ಜೀಪು ತಂದು ಮುಂದಿನ ಕೊಂಡಿಗೆ ಹಗ್ಗ ಬಿಗಿದು ಎಳೆದ. ಮುಖ ರಸ್ತೆಯ ಕಡೆ ಇದ್ದದ್ದಕ್ಕೆ ನೇರ ಎಳೆಯಲು ಆಯಿತು. ರಸ್ತೆಯ ಎತ್ತರಕ್ಕೆ ಬಂದು ನಿಂತಾಗ ಮೊಮ್ಮಗಳು ನನ್ನ ಸೆರಗು ಬಿಟ್ಟಳು. ಅಷ್ಟು ಹೊತ್ತು ಹಿಡಿದುಕೊಂಡಿದ್ದಳೆಂದು ನನಗೆ ಗೊತ್ತಾದದ್ದೇ ಆಗ.

ಬೆಳಿಗ್ಗೆ ಸುದ್ದಿ ಬಂತು. "ಘಾಟಿಯಂಗೆ ಮರ ಬಿದ್ದಿತ್. ಇವತ್ ಹೋಪುಕ್ ಆತಿಲ್ಲೆ." ಎರಡು ದಿನ ಅಲ್ಲೇ ಉಳಿದೆವು, ಆತನ ಮನೆಯ ಅಂಗಳದಲ್ಲಿ, ಎತ್ತರದ ಜಾಗದಲ್ಲಿ. ಕರೆಂಟು ಇಲ್ಲ, ಬಿಸಿಲು ಇಲ್ಲದ್ದರಿಂದ ಸೋಲಾರ್ ಕೂಡ ಇಲ್ಲ. ಮೊಮ್ಮಗಳು ನೋಟ್‌ಬುಕ್ ತೆಗೆದಳು. ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್. ಗುಣಿಸಿದರೆ 1,800 ವ್ಯಾಟ್-ಅವರ್. ಇಂಥ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದು ಬೇಗ ಕೆಡುತ್ತದೆ, ಹಾಗಾಗಿ 900. ಫ್ಯಾನು 30 ವ್ಯಾಟ್, ಎಂಟು ಗಂಟೆಗೆ 240. ಎರಡು ದೀಪ ಐದೈದು ವ್ಯಾಟ್, ಐದು ಗಂಟೆಗೆ 50. ಫೋನುಗಳಿಗೆ 60. ದಿನಕ್ಕೆ 350. "ಎರಡೂವರೆ ದಿನ ಬರುತ್ತದೆ, ಅಜ್ಜ! ಫ್ಯಾನು ಬಿಟ್ಟರೆ ಎಂಟು ದಿನ!" ಈ ಥಂಡಿಯಲ್ಲಿ ಫ್ಯಾನು ಯಾರಿಗೆ ಬೇಕು ಎಂದರು ಅಜ್ಜ. ಮಳೆನೀರು ಕೊಡದಲ್ಲಿ ಹಿಡಿದು ಬಚ್ಚಲಿಗೆ ಬಳಸಿದೆವು. ಆ ಮನೆಯಾಕೆ ಪತ್ರೊಡೆ ಮಾಡಿ ಕೊಟ್ಟರು. ಉಂಬಳಗಳು ಎಲ್ಲರ ಕಾಲಿಗೂ ಸಮನಾಗಿ ಹತ್ತಿದವು.

ಆ ಮನೆಯ ಜಗಲಿಯಲ್ಲಿ ಕೂತು ಇವರು ನನ್ನಲ್ಲಿ ಮೆಲ್ಲಗೆ ಹೇಳಿದರು, "ದಸರಾಕ್ಕೆ ಬೇಡ. ನನ್ನ ಹರಕೆಗಾಗಿ ಮಕ್ಕಳನ್ನು ಹೀಗೆ ಮಾಡಬಾರದು." ನಾನೂ ಹೂಂ ಎಂದೆ. ಒಳಗಿನಿಂದ ಆ ಮನೆಯಾಕೆ ಕೇಳಿಸಿಕೊಂಡಿದ್ದರೇನೋ. ಮೂರನೆಯ ದಿನ ಹೊರಡುವಾಗ ಅವರ ಯಜಮಾನರು ತಮ್ಮನ ಫೋನಿನಲ್ಲಿ ತಮ್ಮ ನಂಬರು ಹಾಕಿಕೊಟ್ಟು, ಹೊರಡುವ ಹಿಂದಿನ ರಾತ್ರಿ ಒಂದು ಕರೆ ಮಾಡಿ, ದಾರಿ ಹೇಗಿದೆ ನಾನು ಹೇಳುತ್ತೇನೆ, ಅಂಗಳ ನಿಮ್ಮದೇ ಎಂದರು.

ಅಕ್ಟೋಬರ್ 2, ವಿಜಯದಶಮಿ. ನಾವು ಹಿಂದಿನ ದಿನವೇ ಆ ಅಂಗಳ ಸೇರಿದ್ದೆವು. ಮಗ, ಸೊಸೆ ಬಸ್ಸಿನಲ್ಲಿ ಬಂದರು. ನವರಾತ್ರಿಯ ಕೊಲ್ಲೂರಿನಲ್ಲಿ ಗಾಡಿಗೆ ಜಾಗ ಸಿಗುವುದು ದೇವರ ದರ್ಶನಕ್ಕಿಂತ ಕಷ್ಟ. ರಸ್ತೆಯುದ್ದಕ್ಕೂ ಕೇರಳದ ವ್ಯಾನುಗಳು, ಒಳಗೆ ಅಜ್ಜ, ಅಜ್ಜಿ, ತೊಟ್ಟಿಲ ಕೂಸು ಎಲ್ಲ. ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸಕ್ಕೆಂದೇ 2021ರಲ್ಲಿ ಒಂದು ನೀತಿ ತಂದಿತು. ಆದರೆ ಇವರಿಗೆ ಯಾವ ನೀತಿಯೂ ಬೇಕಿರಲಿಲ್ಲ ಅನ್ನಿಸುತ್ತದೆ. ಎಷ್ಟೋ ವರ್ಷದಿಂದ ಹೀಗೆಯೇ ಬಂದು, ಸೀಟಿನ ಮೇಲೆ ಮಲಗಿ, ನಲ್ಲಿಯಲ್ಲಿ ಮುಖ ತೊಳೆದು ಮಕ್ಕಳಿಗೆ ಅಕ್ಷರ ಬರೆಸಿ ಹೋಗುವವರು. ಪಕ್ಕದ ವ್ಯಾನಿನ ಕಣ್ಣೂರಿನ ಅಜ್ಜಿಗೆ ನನ್ನ ಭಾಷೆ ಬರದು, ನನಗೆ ಅವರದು ಬರದು. ಮಂಡಿ ತೋರಿಸಿಕೊಂಡೆವು. ಇಬ್ಬರಿಗೂ ಬಲಗಾಲು. ಅವರು ಒಂದು ಎಣ್ಣೆ ಶೀಸೆ ಕೊಟ್ಟರು, ನಾನು ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟೆ.

ನಸುಕಿನಲ್ಲೇ ಇವರನ್ನು ಆಟೋದಲ್ಲಿ ಕೂರಿಸಿ ಆದಷ್ಟು ಹತ್ತಿರ ಕರೆದೊಯ್ದೆವು. ಸಾಲು ಉದ್ದ. ಇವರು ಹಿಂದಿನ ಸಂಜೆಯಿಂದ ನೀರು ಕುಡಿದಿರಲಿಲ್ಲ. ಅದು ನನಗೆ ಮಾತ್ರ ಗೊತ್ತು. ಕೂರಲು ಜಾಗ ಸಿಕ್ಕಾಗ ಮಂಡಿ ಮಡಚಲಾಗದೆ ಒಂದು ಕಾಲು ಚಾಚಿಯೇ ಕೂತರು. ಮೊಮ್ಮಗ ತೊಡೆ ಏರಿದ. ತಟ್ಟೆಯಲ್ಲಿ ಅಕ್ಕಿ ಹರಡಿತ್ತು. ಸಾವಿರಾರು ಮಕ್ಕಳಿಗೆ ಬರೆಸಿದ ಕೈ, ಈ ಒಂದು ಕೈಯನ್ನು ಹಿಡಿಯುವಾಗ ಸ್ವಲ್ಪ ನಡುಗಿತು. ಎಡದಿಂದ ಬಲಕ್ಕೆ, ಸುತ್ತಿ, ಮೇಲಕ್ಕೆ. ಅ. ಮೊಮ್ಮಗ ಅದನ್ನು ಎರಡು ಕ್ಷಣ ನೋಡಿ, ಅಂಗೈಯಿಂದ ಅಳಿಸಿ, "ಇನ್ನೊಂದು ಸಲ" ಎಂದ.

ಅಂದೇ ಸಂಜೆ ಹೊರಟೆವು. ಹಿಂದಿನ ರಾತ್ರಿಯಂತೆ ಆ ದಿನವೂ ಜೀಪಿನವರನ್ನು ಕೇಳಿ, ಘಾಟಿ ಚೆನ್ನಾಗಿದೆ ಎಂದ ಮೇಲೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಚಹಾ ಕುಡಿದೆವು. ಇವರೂ ಕುಡಿದರು, ಎರಡೆರಡು ಲೋಟ. ಕಳಸವಳ್ಳಿ ತಲುಪುವಾಗ ರಾತ್ರಿ ಒಂಬತ್ತು ದಾಟಿತ್ತು. ಲಾಂಚಿನ ಕಾಲದಲ್ಲಾದರೆ ಈ ಹೊತ್ತಿಗೆ ದಡದಲ್ಲಿ ನಾಯಿಯೂ ಇರುತ್ತಿರಲಿಲ್ಲ. ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲವಾದ್ದರಿಂದ ತಮ್ಮ ನಾನು ಹೇಳದೆಯೇ ವೇಗ ತಗ್ಗಿಸಿದ. ಕೆಳಗೆ ಕಪ್ಪು ನೀರು. ಮಗ ಎದುರಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅವನ ತೊಡೆಯ ಮೇಲೆ ಅವನ ಮಗ.

ಸಾಗರದ ದೀಪಗಳು ಕಾಣುವಾಗ ಮೊಮ್ಮಗ ಕಣ್ಣು ಬಿಟ್ಟು, "ಸೇತುವೆ ಬಂತಾ?" ಎಂದ.

"ಆಗಲೇ ಹೋಯಿತು" ಎಂದೆ.